ಮಾಡಿ ನೋಡಿದೆ, ಉರಿಯಿತು

ಮಾರ್ಚ್ ೪, ಮಂಗಳವಾರ

ಬೆಳಗೆಲ್ಲ ಶಾಯಿ ಕಲೆಯ ಸೇವೆ. ಹಾಲಿನಲ್ಲಿ ನೆನೆಸಿದರೆ ಕಲೆ ಹೋಗುತ್ತದೆ ಎಂದು ಹಸ್ತಪ್ರತಿಯ ಮಾತು. ಇವರ ಹಳೆಯ ಬಿಳಿ ಅಂಗಿಯ ತೋಳಿಗೆ ಬೇಕೆಂದೇ ಶಾಯಿ ಚೆಲ್ಲಿ, ಹಾಲಿನಲ್ಲಿ ಅದ್ದಿಟ್ಟು ಕಾದೆ. ನೀಲಿ ಇದ್ದದ್ದು ಬೂದು ಆಯಿತು, ಅಂಗಿಗೆ ಹುಳಿ ವಾಸನೆ ಬಂತು, ಅಷ್ಟೇ. ಪುಟದ ಅಂಚಿನಲ್ಲಿ ಬರೆದೆ — ಮಾಡಿ ನೋಡಿದೆ, ಆಗಲಿಲ್ಲ. ಕೆಳಗೆ ಸಹಿ. ಸಲಹೆ ಪುಸ್ತಕದಿಂದ ಹೊರಗೆ.

ನಮ್ಮ ಪ್ರಕಾಶನ ಶುರುವಾದ ದಿನದಿಂದ ಅದರ ಯಜಮಾನರು ಇಟ್ಟುಕೊಂಡ ಪದ್ಧತಿ ಇದು. ಮನೆಬಳಕೆಯ ಪುಸ್ತಕದಲ್ಲಿ ಅಚ್ಚಾಗುವ ಪ್ರತಿ ಸಲಹೆಯನ್ನೂ ನಮ್ಮಲ್ಲಿ ಯಾರಾದರೂ ಒಬ್ಬರು ಮಾಡಿ ನೋಡಿರಬೇಕು. "ಬರೆದ ಹಾಗೇ ಮಾಡಮ್ಮ, ನಿನ್ನ ಬುದ್ಧಿ ಸೇರಿಸಬೇಡ. ಓದೋರ ಕೈಲಿರೋದು ನಮ್ಮ ಪುಸ್ತಕ, ನಿನ್ನ ಬುದ್ಧಿ ಅಲ್ಲ." ಯಾರಿಗೂ ಮಾಡಲಾಗದಿದ್ದರೆ ಲೇಖಕರ ಸಹಿಯೇ ಸಾಕು. ಆದರೆ ನಮ್ಮವರೊಬ್ಬರು 'ಆಗಲಿಲ್ಲ' ಎಂದು ಬರೆದರೆ ಮುಗಿಯಿತು, ಲೇಖಕರು ದೇವರೇ ಆಗಿದ್ದರೂ ಆ ಸಲಹೆ ಹೊರಗೆ.

ಎಂ.ಎ.ಯಲ್ಲಿ ಛಂದಸ್ಸಿನ ಮೇಲೆ ಪ್ರಬಂಧ ಬರೆದವಳು ಈಗ ಅಂಗಿಗೆ ಶಾಯಿ ಚೆಲ್ಲಿ ಸಂಬಳ ತೆಗೆದುಕೊಳ್ಳುತ್ತೇನೆ. ಬೇಸರವಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ.

ಹಲ್ಲಿಗೆ ಕೊಟ್ಟಿದ್ದ ಆ್ಯಂಟಿಬಯೋಟಿಕ್ ಮುಗಿಯಿತು. ಹಲ್ಲು ಸುಮ್ಮನಾಗಿದೆ. ಬೇರೆ ಕಡೆ ಏನೋ ಶುರುವಾದ ಹಾಗಿದೆ. ತುರಿಕೆ. ಅಲ್ಲಿ.

ಯಾರೂ ಓದದ ಪುಟದಲ್ಲೂ 'ಅಲ್ಲಿ' ಎಂದೇ ಬರೆದಿದ್ದೇನೆ.

ಮಾರ್ಚ್ ೫, ಬುಧವಾರ

ಹೊಸ ಹಸ್ತಪ್ರತಿ ಬಂತು. ಹೆಂಗಸರ ಮನೆಮದ್ದು. ಬರೆದವರು ಗಿಡದ ಮೇಡಂ — ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು, ನಮ್ಮಲ್ಲಿ ಇದು ಮೂರನೆಯ ಪುಸ್ತಕ. ಅಕ್ಷರ ಮುತ್ತು ಪೋಣಿಸಿದಂತೆ. ಎಲ್ಲ ಅಂಚಿನಲ್ಲೂ ಅವರ ಸಹಿ ಆಗಲೇ ಬಿದ್ದಿದೆ — ಮಾಡಿ ನೋಡಿದೆ, ಮಾಡಿ ನೋಡಿದೆ. ಮುನ್ನುಡಿಯಲ್ಲಿ ಡಾಕ್ಟರುಗಳಿಗೆ ಒಂದು ಗುದ್ದು: ಅಜ್ಜಿಯರು ಕಂಡದ್ದನ್ನು ಇವರು ನಕ್ಕು ತಳ್ಳುತ್ತಾರಂತೆ.

ಎದುರು ಮೇಜಿನ ಅಲ್ಪವಿರಾಮ ಬೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ನಮ್ಮ ಕರಡು ತಿದ್ದುವವಳು. ಒಂದು ಅಲ್ಪವಿರಾಮ ತಪ್ಪಿದರೂ ಊಟ ಬಿಡುವಳು ಎಂದು ಆ ಹೆಸರು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಸ್ವಂತ ವಿಷಯ ತುಟಿಯಿಂದ ಈಚೆ ಬಿಡುವವಳಲ್ಲ.

"ಏನೇ, ಕುರ್ಚೀಲಿ ಮೊಳೆ ಇದೆಯಾ?"

"ಯಾಕೆ?"

"ಒಂದು ಕಡೆ ಕೂತಿಲ್ಲ ನೀನು. ಕಪ್ಪೆ ತಕ್ಕಡೀಲಿ ಕೂತ ಹಾಗೆ ಕೂತಿದೀಯ."

ಹೊಸ ಸೀರೆಯ ಗಂಜಿ ಎಂದೆ. ನಂಬಲಿಲ್ಲ. ಕೇಳಲೂ ಇಲ್ಲ.

ಮಾರ್ಚ್ ೭, ಶುಕ್ರವಾರ

ಆ ಅಧ್ಯಾಯ ಸಿಕ್ಕಿತು. 'ಬಿಳಿ ಸ್ರಾವ ಮತ್ತು ತುರಿಕೆ'. ಓದುತ್ತಾ ಹೋದರೆ ನನ್ನ ಮೈಯನ್ನೇ ನೋಡಿ ಬರೆದಂತಿದೆ. ಒಡೆದ ಹಾಲಿನಂಥ ಗಟ್ಟಿ ಬಿಳುಪು. ವಾಸನೆಯಿಲ್ಲ. ಉಚ್ಚೆ ಹೊಯ್ದರೆ ಚುರುಚುರು. ಹೌದು, ಹೌದು, ಹೌದು.

ಮದ್ದುಗಳು: ವಿನೆಗರ್ ಬೆರೆಸಿದ ನೀರಿನಿಂದ 'ಆ ಭಾಗವನ್ನು' ಬೆಳಿಗ್ಗೆ ಸಂಜೆ ತೊಳೆಯುವುದು, ಮೂರು ದಿನ. ನಿಲ್ಲದಿದ್ದರೆ ಸುಲಿದ ಬೆಳ್ಳುಳ್ಳಿ ಎಸಳನ್ನು ಬಟ್ಟೆಯಲ್ಲಿ ಸುತ್ತಿ 'ಆ ಭಾಗದಲ್ಲಿ' ಇಟ್ಟುಕೊಳ್ಳುವುದು. ದಿನವೂ ಒಂದು ಬಟ್ಟಲು ಸಿಹಿಯಿಲ್ಲದ ಮೊಸರು. ಹತ್ತಿಯ ಒಳ ಉಡುಪು.

ಯಜಮಾನರ ಪದ್ಧತಿಗೆ ಇಷ್ಟು ಹೇಳಿಮಾಡಿಸಿದ ಸಂದರ್ಭ ಇನ್ನೊಂದಿಲ್ಲ. ರೋಗವೂ ಕೈಯಲ್ಲಿದೆ, ಮದ್ದೂ ಕೈಯಲ್ಲಿದೆ. ಮನಸ್ಸಿನಲ್ಲೇ ನಕ್ಕೆ. ಕಲೆಯ ಅಧ್ಯಾಯಕ್ಕೆಂದು ತಂದ ವಿನೆಗರ್ ಬಾಟಲಿ ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ.

'ಆ ಭಾಗ' ಎಂದರೆ ಹೊರಗೋ ಒಳಗೋ? ಬರೆದಿಲ್ಲ. ಬರೆದಿಲ್ಲವಾದ್ದರಿಂದ ಎರಡೂ.

ಮಾರ್ಚ್ ೮, ಶನಿವಾರ

ಉರಿ. ಉರಿ ಎಂದರೆ ಉರಿ. ಬಚ್ಚಲಲ್ಲಿ ನಲ್ಲಿ ಹಿಡಿದುಕೊಂಡು ನಿಂತಿದ್ದೆ. ಮದ್ದು ಕೆಲಸ ಮಾಡುವಾಗ ಉರಿಯಬಹುದು ಅಂದುಕೊಂಡೆ. ಮೂರು ದಿನ ಎಂದು ಬರೆದಿದೆ. ಬರೆದ ಹಾಗೇ ಮಾಡಬೇಕು, ಬುದ್ಧಿ ಸೇರಿಸಬಾರದು.

ಇವರು ಮಧ್ಯಾಹ್ನ ಕನ್ನಡಕದ ಅಂಗಡಿ ಬೇಗ ಮುಚ್ಚಿ ಬಂದಿದ್ದರು. ಸೋಫಾದಲ್ಲಿ ಪಕ್ಕಕ್ಕೆ ಸರಿದು ಹೆಗಲ ಮೇಲೆ ಕೈ ಹಾಕಿದರು. ಎದ್ದುಬಿಟ್ಟೆ. ಬಟ್ಟೆ ಒಣಗಿಸುವುದಿದೆ ಎಂದೆ. ತಂತಿಯ ಮೇಲೆ ಬಟ್ಟೆ ಬೆಳಗ್ಗೆಯೇ ಒಣಗಿ ಕೂತಿದ್ದವು. ಅವರಿಗೂ ಕಾಣುತ್ತಿತ್ತು. ಬೇರೆಯವರ ಕಣ್ಣು ಪರೀಕ್ಷಿಸುವುದೇ ಅವರ ಕಸುಬು.

ಮಾರ್ಚ್ ೧೧, ಮಂಗಳವಾರ

ವಿನೆಗರ್ ಮೂರು ದಿನ ಮುಗಿಸಿದೆ. ನಿನ್ನೆ ಬೆಳ್ಳುಳ್ಳಿ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಅರ್ಧ ಗಂಟೆಯೂ ತಡೆಯಲಿಲ್ಲ. ಊದಿಕೊಂಡಿದೆ. ಕೂತರೆ ಕಷ್ಟ, ನಡೆದರೆ ಇನ್ನೂ ಕಷ್ಟ.

ಇವತ್ತು ರಜೆ ಹಾಕಿದೆ. ಇವರು ಅಂಗಡಿಗೆ ಹೊರಡದೆ ಬಾಗಿಲ ಹತ್ತಿರ ನಿಂತರು.

"ಒಂದು ಮಾತು ಕೇಳ್ಲಾ? ನನ್ನ ಮೇಲೆ ಕೋಪಾನಾ?"

"ಇಲ್ಲ."

"ವಾರದಿಂದ ನೋಡ್ತಿದೀನಿ. ನಾನು ಈ ಕಡೆ ಬಂದ್ರೆ ನೀನು ಆ ಕಡೆ ಹೋಗ್ತೀಯ. ಕುರ್ಚಿ ವಿಷಯಕ್ಕಾ?"

ಕೇಳದೆ ಒಂದು ಆರಾಮ ಕುರ್ಚಿ ಕೊಂಡು ತಂದಿದ್ದರು ಹೋದ ತಿಂಗಳು. ಮನೆಯಲ್ಲಿ ಅದಕ್ಕೆ ಜಾಗವಿಲ್ಲ, ಅದರ ಸುತ್ತ ನಾವು ಓಡಾಡುತ್ತೇವೆ.

"ಕುರ್ಚಿ ಅಲ್ಲ."

"ಮತ್ತೆ?"

ಹೇಳಿದೆ. ಗೋಡೆ ನೋಡಿಕೊಂಡು ಹೇಳಿದೆ. ತುರಿಕೆ, ವಿನೆಗರ್, ಬೆಳ್ಳುಳ್ಳಿ, ಎಲ್ಲ. "ಹಲ್ಲು ನೋವಿಗೆ ಡಾಕ್ಟರ ಹತ್ರ ಹೋದೆ. ಇದಕ್ಕೆ ಯಾಕೆ ಅಡುಗೆಮನೆಗೆ ಹೋದೆ?" ಎಂದರು.

ಮಡಚಿಟ್ಟಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಚಿದೆ.

"ನಾಳೆ ಹೋಗೋಣ. ನಾನು ಹೊರಗೆ ಕೂತಿರ್ತೀನಿ. ಬೇಡ ಅಂದ್ರೆ ಬರಲ್ಲ." ಬಾಗಿಲು ದಾಟಿ ಹೋದವರು ತಿರುಗಿ ಬಂದರು. "ಹಾಗಾದ್ರೆ ಕುರ್ಚಿ ಇರಬಹುದಾ?"

ಉರಿಯಲ್ಲೂ ನಗು ಬಂತು.

ಮಾರ್ಚ್ ೧೨, ಬುಧವಾರ

ಡಾಕ್ಟರ್ ನನ್ನದೇ ವಯಸ್ಸಿನವರು. ಕತ್ತರಿಸಿದ ಕೂದಲು, ಮೇಜಿನ ಮೇಲೆ ಅರ್ಧ ಕುಡಿದ ಕಾಫಿ.

"ಏನೇನು ಹಾಕ್ಕೊಂಡ್ರಿ? ಎಲ್ಲಾ ಹೇಳಿ, ನಾನು ನಗಲ್ಲ."

ಹೇಳಿದೆ. ವಿನೆಗರ್‌ವರೆಗೆ ತಡೆದುಕೊಂಡರು.

"ಬೆಳ್ಳುಳ್ಳಿನಾ? ಅಲ್ರೀ, ಅದೇನು ಒಗ್ಗರಣೆ ಸೌಟಾ?"

ನಗುವುದಿಲ್ಲ ಅಂದವರು ಕಣ್ಣೊರೆಸಿಕೊಂಡು ನಕ್ಕರು. ನಾನೂ ನಕ್ಕೆ. ಆಮೇಲೆ ಎಲ್ಲವೂ ಸುಲಭವಾಯಿತು. ಪರೀಕ್ಷೆ ಮಾಡಿದರು, ಹತ್ತಿಯ ಕಡ್ಡಿಯಲ್ಲಿ ಸ್ಯಾಂಪಲ್ ತೆಗೆದರು. "ತುರಿಕೆ ಅಂದ್ರೆಲ್ಲಾ ಯೀಸ್ಟೇ ಆಗಿರಲ್ಲ. ಮೀನಿನ ವಾಸನೆ, ಬೂದು ಬಣ್ಣ ಇದ್ರೆ ಅದು ಬೇರೆ, ಅದಕ್ಕೆ ಔಷಧಿನೂ ಬೇರೆ. ನೋಡದೆ ಹೇಳೋಕಾಗಲ್ಲ." ನನ್ನದು ಯೀಸ್ಟ್ ಸೋಂಕೇ.

"ನಾನು ಶುಚಿಯಾಗೇ ಇರ್ತೀನಲ್ಲ ಡಾಕ್ಟ್ರೇ."

"ಕೊಳಕಿಂದ ಬರೋದಲ್ಲ ಇದು. ಯೀಸ್ಟ್ ಅಂದ್ರೆ ಒಂಥರಾ ಫಂಗಸ್, ಅಲ್ಲಿ ಯಾವಾಗ್ಲೂ ಸ್ವಲ್ಪ ಇರುತ್ತೆ. ಒಳ್ಳೆ ಬ್ಯಾಕ್ಟೀರಿಯಾಗಳು ಅದನ್ನ ಹದ್ದುಬಸ್ತಲ್ಲಿ ಇಟ್ಟಿರ್ತವೆ. ನೀವು ಹಲ್ಲಿಗೆ ತಗೊಂಡ ಮಾತ್ರೆ ಕಳ್ಳರ ಜೊತೆ ಪೊಲೀಸರನ್ನೂ ಎತ್ತಾಕಿಕೊಂಡು ಹೋಯ್ತು. ಉಳಿದ ಪೊಲೀಸರನ್ನ ನೀವು ವಿನೆಗರ್ ಹಾಕಿ ತೊಳೆದ್ರಿ. ಒಳಗೆ ತೊಳೆಯೋದೇ ಬೇಡ, ಅದು ತನ್ನನ್ನ ತಾನೇ ನೋಡ್ಕೊಳ್ಳುತ್ತೆ. ಹೊರಗೆ ಬರೀ ನೀರು ಸಾಕು."

"ಆದ್ರೆ ಇದೆಲ್ಲಾ ನೈಸರ್ಗಿಕ ಅಲ್ವಾ?"

"ಮೆಣಸಿನಪುಡಿನೂ ನೈಸರ್ಗಿಕನೇ."

ಮೊಸರು? "ತಿನ್ನಿ, ಒಳ್ಳೇದು. ಅದರಿಂದಲೇ ವಾಸಿಯಾಗುತ್ತೆ ಅನ್ನೋಕೆ ಸಾಕಷ್ಟು ಆಧಾರ ಇಲ್ಲ." ಹತ್ತಿ ಬಟ್ಟೆ? "ಅದು ಸರಿ. ಬಿಗಿ ಬಟ್ಟೆ ಬೇಡ, ಒದ್ದೆ ಬಟ್ಟೆ ಬೇಡ, ಪರಿಮಳದ ಸೋಪು ಬೇಡ." ಸಕ್ಕರೆ ಕಾಯಿಲೆ ಇದೆಯೇ ನೋಡಲು ರಕ್ತ ತೆಗೆಸಿದರು, ಇದು ಪದೇ ಪದೇ ಬಂದರೆ ಅದೂ ಕಾರಣವಿರಬಹುದಂತೆ. ಒಳಗಿಡುವ ಮಾತ್ರೆ ಕೊಟ್ಟಿದ್ದಾರೆ, ಆರು ದಿನಕ್ಕೆ. ಪೂರ್ತಿ ವಾಸಿಯಾಗುವವರೆಗೆ ಗಂಡ ಹೆಂಡತಿ ದೂರ.

ಪದ್ಧತಿಯ ಬಗ್ಗೆ ಹೇಳಿದಾಗ ಮಾತ್ರ ಡಾಕ್ಟರ್ ಗಂಭೀರವಾದರು. "ಒಬ್ಬರು ಮಾಡಿ ನೋಡೋದು ಬಟ್ಟೆ ಕಲೆಗೆ ಸರಿ. ಮೈಗೆ ಸಾಲದು. ಒಬ್ಬರಿಗೆ ತಾನಾಗೇ ಕಮ್ಮಿ ಆಗಿರುತ್ತೆ, ಮದ್ದಿಂದ ಆಯ್ತು ಅಂತಾರೆ. ಆ ಅಧ್ಯಾಯ ನನಗೆ ಕಳ್ಸಿ. ಬಸುರಿ ಹೆಂಗಸು ಓದಿ ಹೀಗೆ ಮಾಡ್ಕೊಂಡ್ರೆ ಏನು ಗತಿ?"

ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ನಂತರ ಓದುವವರು.

ಮಾರ್ಚ್ ೧೩, ಗುರುವಾರ

ತುರಿಕೆ ಅರ್ಧಕ್ಕರ್ಧ ಇಳಿದಿದೆ. ಆರಾಮ ಕುರ್ಚಿಯಲ್ಲಿ ಒರಗಿ ಕವನ ಸಂಕಲನ ಓದಿದೆ. ಕುರ್ಚಿ ನಿಜಕ್ಕೂ ಚೆನ್ನಾಗಿದೆ. ಇವರಿಗೆ ಹೇಳುವುದಿಲ್ಲ.

ಓದುತ್ತಾ ಒಂದು ಯೋಚನೆ. ಕವಿಗಳು ಕಣ್ಣಿಗೆ, ತುಟಿಗೆ, ಬೆರಳಿಗೆ, ಹಿಮ್ಮಡಿಗೂ ಎಷ್ಟು ಹೆಸರಿಟ್ಟಿದ್ದಾರೆ. ಸೊಂಟದ ಕೆಳಗೆ ಬಂದರೆ ಹೂವು ಅನ್ನುತ್ತಾರೆ, ಗುಹೆ ಅನ್ನುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಅಮ್ಮ 'ಅಲ್ಲಿ' ಅನ್ನುತ್ತಿದ್ದಳು. ಗಿಡದ ಮೇಡಂ 'ಆ ಭಾಗ'. ಮೂವತ್ತು ವರ್ಷ ಪದಗಳ ಜೊತೆ ಬದುಕಿದ ನಾನೂ ಅದೇ. ಒಳಗೋ ಹೊರಗೋ ಎಂದು ಕೇಳಲಿಕ್ಕೂ ಮೊದಲು ಒಂದು ಹೆಸರು ಬೇಕಲ್ಲ.

ಯೋನಿ. ಬರೆದೆ. ಕಾಗದಕ್ಕೇನೂ ಆಗಲಿಲ್ಲ.

ಮಾರ್ಚ್ ೧೭, ಸೋಮವಾರ

ಸಕ್ಕರೆ ಇಲ್ಲ. ತುರಿಕೆ ಇಲ್ಲ. ಇವತ್ತು ರಾತ್ರಿಗೆ ಮಾತ್ರೆ ಮುಗಿಯುತ್ತದೆ. ಗೇಟಿನಿಂದ ಬಸ್ ಸ್ಟಾಪಿನವರೆಗೆ ನಡೆಯುವುದೇ ಒಂದು ಸುಖ, ಯಾರಿಗೆ ಹೇಳಲಿ.

ಡಾಕ್ಟರ್ ಅಧ್ಯಾಯ ಓದಿ ಎರಡು ಪುಟ ಟಿಪ್ಪಣಿ ಬರೆದು ಕಳಿಸಿದ್ದಾರೆ. ಎಲ್ಲಿ ತಪ್ಪು, ಯಾಕೆ ತಪ್ಪು, ಬದಲಿಗೆ ಏನು. ಅದನ್ನು ಹಸ್ತಪ್ರತಿಗೆ ಸೇರಿಸಿ ಯಜಮಾನರ ಕೋಣೆಗೆ ಕಳಿಸಿದೆ. ಅಂಚು ಖಾಲಿ ಬಿಟ್ಟೆ. ಡಾಕ್ಟರೇ ಹೇಳಿದ ಮೇಲೆ ನನ್ನದೇನು?

ಜಾಣತನ ಎಂದು ಅನ್ನಿಸಿತ್ತು. ಈಗ ಬರೆಯುವಾಗ ಅಷ್ಟು ಖಾತ್ರಿಯಿಲ್ಲ.

ಮಾರ್ಚ್ ೧೮, ಮಂಗಳವಾರ

ಪುಟಗಳು ವಾಪಸ್ ಬಂದವು. ಯಜಮಾನರ ಪೆನ್ಸಿಲ್: 'ಡಾಕ್ಟರು ಸರಿ. ಮಾಡಿ ನೋಡಿದವರು ಯಾರು?'

ಅವರ ಕೋಣೆಗೆ ಹೋಗಿ ನಿಂತೆ.

"ಡಾಕ್ಟರ ಮಾತು ಸಾಲದಾ ಸರ್?"

"ನನಗೆ ಸಾಕಮ್ಮ. ಆದ್ರೆ ಮೇಡಂಗೆ ಏನು ಹೇಳ್ಲಿ? ಡಾಕ್ಟರುಗಳು ನಗ್ತಾರೆ ಅಂತ ಮುನ್ನುಡೀಲೇ ಬರ್ಕೊಂಡಿದಾರೆ. ಅಂಚಲ್ಲಿ ಅವರ ಸಹಿ ಇದೆ, ನಮ್ಮದು ಇಲ್ಲ. ಹೀಗೇ ಇದ್ರೆ ನಾನೇ ಇಟ್ಟ ನಿಯಮದ ಪ್ರಕಾರ ಅಚ್ಚಾಗ್ಬೇಕು." ಕನ್ನಡಕ ತೆಗೆದು ಒರೆಸಿದರು. "ನಮ್ಮಲ್ಲಿ ಯಾರೂ ಮಾಡಿ ನೋಡಿಲ್ವಾ?"

"ವಿಚಾರಿಸ್ತೀನಿ ಸರ್."

ವಿಚಾರಿಸುತ್ತೇನಂತೆ.

ಅಂಚಿಗೆ ಸಹಿ ಹಾಕಿದರೆ ಆ ಪುಟ ಎಲ್ಲಿಗೆಲ್ಲ ಹೋಗುತ್ತದೆ ಗೊತ್ತು. ಅಲ್ಪವಿರಾಮ, ಅಚ್ಚು ಜೋಡಿಸುವವರು, ಪುಟ ಕಟ್ಟುವವರು, ಯಜಮಾನರು. ನನ್ನ ಸಹಿ ಎಲ್ಲರಿಗೂ ಕಣ್ಣು ಮುಚ್ಚಿದರೂ ಗೊತ್ತು. ನಾಳೆಯಿಂದ ಟೀ ಹೊತ್ತಿನಲ್ಲಿ ನನ್ನನ್ನು ನೋಡಿದವರಿಗೆಲ್ಲ ಬೆಳ್ಳುಳ್ಳಿ ನೆನಪಾಗುತ್ತದೆ. ಹಾಕದಿದ್ದರೆ... ಯಾವುದೋ ಮನೆಯ ಬಚ್ಚಲಲ್ಲಿ ಯಾರೋ ನಲ್ಲಿ ಹಿಡಿದುಕೊಂಡು ನಿಂತಿರುತ್ತಾಳೆ. ಪುಸ್ತಕದಲ್ಲಿದೆಯಲ್ಲ, ಮದ್ದು ಕೆಲಸ ಮಾಡುತ್ತಿರಬೇಕು, ಎಂದುಕೊಂಡು.

ಮಾರ್ಚ್ ೧೯, ಬುಧವಾರ

ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದೆ. ಪೆನ್ಸಿಲ್ ಅಲ್ಲ, ಪೆನ್ನು.

ವಿನೆಗರ್ ಎದುರಿಗೆ: ಮಾಡಿ ನೋಡಿದೆ ಉರಿಯಿತು. ಹೆಚ್ಚಾಯಿತು. ಬೇಡ.

ಬೆಳ್ಳುಳ್ಳಿ ಎದುರಿಗೆ: ಮಾಡಿ ನೋಡಿದೆ. ಡಾಕ್ಟರ ಬಳಿ ಹೋಗಬೇಕಾಯಿತು. ಖಂಡಿತ ಬೇಡ.

ಮೊಸರಿನ ಎದುರಿಗೆ: ತಿಂದೆ. ರುಚಿಯಾಗಿತ್ತು. ಮಾತ್ರೆಯನ್ನೂ ತೆಗೆದುಕೊಂಡದ್ದರಿಂದ ಅಷ್ಟೇ ಹೇಳಬಲ್ಲೆ.

ಹತ್ತಿ ಬಟ್ಟೆ: ಸರಿ.

'ಆ ಭಾಗ' ಬಂದಲ್ಲೆಲ್ಲ ಗೆರೆ ಎಳೆದು, ಮೇಲೆ 'ಯೋನಿ' ಎಂದೋ 'ಯೋನಿಯ ಹೊರಭಾಗ' ಎಂದೋ ಬರೆದೆ. ನಾಲ್ಕೂ ಕಡೆ ಸಹಿ. ಅಲ್ಪವಿರಾಮ ಬರುವ ಮೊದಲೇ ಅವಳ ಟ್ರೇಯಲ್ಲಿಟ್ಟು ಬಂದೆ.

ಅವಳು ಬಂದಳು, ಓದಿದಳು. ತಲೆ ಎತ್ತಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಒಬ್ಬಳೇ ಕಿಟಕಿಯ ಹತ್ತಿರ ಕೂತಳು. ನನಗೆ ಊಟ ರುಚಿಸಲಿಲ್ಲ.

ಮಾರ್ಚ್ ೨೧, ಶುಕ್ರವಾರ

ಗಿಡದ ಮೇಡಂ ಬಂದರು. ಯಜಮಾನರ ಕೋಣೆಯಿಂದ ದನಿ ಕೇಳುತ್ತಿತ್ತು. ಕರೆದರು. ಪುಟಗಳು ಮೇಜಿನ ಮೇಲೆ ಹರಡಿದ್ದವು.

"ಇದು ಯಾರ ಸಹಿ?" ಮೇಡಂ ಕೇಳಿದ್ದು ಯಜಮಾನರನ್ನು. ಯಜಮಾನರು ಕನ್ನಡಕ ಹುಡುಕತೊಡಗಿದರು. ಕನ್ನಡಕ ಮೂಗಿನ ಮೇಲೇ ಇತ್ತು.

"ನಂದು," ಎಂದೆ.

ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮಗೇ ಆಗಿತ್ತಾ?"

"ಹೌದು."

"ಬರೆದ ಹಾಗೇ ಮಾಡಿದ್ರಾ?"

"ಮೇಡಂ, ಬರೆದ ಹಾಗೇ ಮಾಡಿದ್ದೇ ತಪ್ಪಾಯ್ತು. ಮೊದಲನೇ ದಿನಾನೇ ಉರೀತು. ಪುಸ್ತಕದಲ್ಲಿ ಮೂರು ದಿನ ಅಂತ ಇತ್ತು, ಅದಕ್ಕೆ ಬಿಡಲಿಲ್ಲ."

"ನನಗೆ ಇಬ್ಬರು ಹೇಳಿದಾರಮ್ಮ, ವಾಸಿ ಆಯ್ತು ಅಂತ. ಒಬ್ಬಳು ನನ್ನ ತಂಗಿ."

"ಆಗಿರಬಹುದು. ನೀವು ಮಾಡಿ ನೋಡಿದ್ರಾ?"

ಕೇಳಬಾರದಿತ್ತೇನೋ. ಯಜಮಾನರು ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಮೇಡಂ ಪುಟಗಳನ್ನು ಜೋಡಿಸಿಕೊಂಡರು. ಅಂಚಿಗೆ ಅಂಚು ಸರಿಯಾಗಿ. "ನನಗೆ ಇದು ಬಂದೇ ಇಲ್ಲ," ಎಂದರು. ದನಿ ಸಣ್ಣದಾಗಿತ್ತು. "ಡಾಕ್ಟರ ಟಿಪ್ಪಣಿ ಕೊಡಿ. ಮನೇಲಿ ಓದ್ತೀನಿ."

ಬಾಗಿಲ ತನಕ ಹೋದವರು ನಿಂತರು. "ಈಗ ಹೇಗಿದೀರಿ?"

"ಚೆನ್ನಾಗಿದೀನಿ ಮೇಡಂ."

"ತುಂಬಾ ಉರೀತಾ?"

"ತುಂಬಾ."

"ಛೆ," ಎಂದರು. ನನ್ನ ಕೈಯನ್ನು ಒಮ್ಮೆ ಮುಟ್ಟಿ ಹೋದರು.

ಮಾರ್ಚ್ ೨೫, ಮಂಗಳವಾರ

ಪುಟ ತಿರುಗಿ ಬಂತು. ಟ್ರೇಯಲ್ಲಿತ್ತು, ಮಾಮೂಲಿ ಪುಟಗಳ ನಡುವೆ.

ಅಂಚಿನಲ್ಲಿ ಗಿಡದ ಮೇಡಂ ತಮ್ಮ 'ಮಾಡಿ ನೋಡಿದೆ'ಗೆ ಅಡ್ಡಗೆರೆ ಎಳೆದಿದ್ದಾರೆ. ಪಕ್ಕದಲ್ಲಿ ಅದೇ ಮುತ್ತಿನಂಥ ಅಕ್ಷರದಲ್ಲಿ — ಮಾಡಿ ನೋಡಿರಲಿಲ್ಲ. ಅಧ್ಯಾಯವನ್ನು ಹೊಸದಾಗಿ ಬರೆದಿದ್ದಾರೆ. ಮೊದಲ ಸಾಲು: 'ಯೋನಿ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ, ಒಳಗೆ ಏನನ್ನೂ ಹಾಕಿ ತೊಳೆಯಬೇಡಿ.' ಎರಡನೆಯದು: 'ತುರಿಕೆ ಬಂದರೆ ಮೊದಲು ಪರೀಕ್ಷೆ ಮಾಡಿಸಿ.' ಮೊಸರು ಊಟದ ಅಧ್ಯಾಯಕ್ಕೆ ಹೋಗಿದೆ, ಅದರ ಯೋಗ್ಯವಾದ ಜಾಗಕ್ಕೆ. ಮುನ್ನುಡಿಯ ಗುದ್ದು ಮಾಯ.

ಮೇಲಿನ ಮೂಲೆಯಲ್ಲಿ ಯಜಮಾನರ ಪೆನ್ಸಿಲ್. 'ವಿನೆಗರ್, ಬೆಳ್ಳುಳ್ಳಿ ಹೊರಗೆ. ಇನ್ನು ಮುಂದೆ ಮೈಗೆ ಹಚ್ಚುವುದು, ಕುಡಿಯುವುದು ಯಾವುದನ್ನೂ ನಮ್ಮವರು ಮಾಡಿ ನೋಡತಕ್ಕದ್ದಲ್ಲ. ಡಾಕ್ಟರಿಗೆ ಕಳಿಸುವುದು.' ಎಷ್ಟೋ ವರ್ಷದ ಪದ್ಧತಿಗೆ ಮೊದಲ ತಿದ್ದುಪಡಿ.

ಇನ್ನೂ ಒಂದಿತ್ತು. ವಿನೆಗರ್ ಎದುರಿಗೆ ನಾನು ಬರೆದಿದ್ದೆನಲ್ಲ, 'ಮಾಡಿ ನೋಡಿದೆ ಉರಿಯಿತು' — 'ನೋಡಿದೆ' ಆದ ಮೇಲೆ ಹಸಿರು ಶಾಯಿಯಲ್ಲಿ ಒಂದು ಅಲ್ಪವಿರಾಮ. ಅಚ್ಚಾಗದ ಸಾಲನ್ನೂ ಬಿಟ್ಟಿಲ್ಲ ಮಹಾತಾಯಿ. ಅದರ ಕೆಳಗೆ, ಅದೇ ಹಸಿರು ಶಾಯಿ, ಬಹಳ ಸಣ್ಣ ಅಕ್ಷರ:

'ನಾನೂ. ಬೆಳ್ಳುಳ್ಳಿ. ಎರಡು ಸಲ.'

ತಲೆ ಎತ್ತಿದೆ. ಕರಡಿನ ಮೇಲೆ ಬಗ್ಗಿದ್ದಳು. ಕಿವಿ ಕೆಂಪಗಿತ್ತು.

"ಎರಡು ಸಲಾನಾ?" ಪಿಸುಗುಟ್ಟಿದೆ.

"ಮೊದಲನೇ ಸಲ ಸರಿಯಾಗಿ ಇಟ್ಟಿಲ್ವೇನೋ ಅಂದ್ಕೊಂಡೆ," ಎಂದಳು, ಪೆನ್ನು ನಿಲ್ಲಿಸದೆ. "ನಗಬೇಡ. ಯಜಮಾನರು ಬರ್ತಾರೆ."

ನಗು ತಡೆಯಲಾಗದೆ ಇಬ್ಬರೂ ಮೆಟ್ಟಿಲ ಹತ್ತಿರ ಓಡಿದೆವು. ಈ ವಯಸ್ಸಿನಲ್ಲಿ. ಕಂಬ ಹಿಡಿದುಕೊಂಡು ನಕ್ಕೆವು. ಕೊನೆಗೆ ಅವಳು ಕಣ್ಣೊರೆಸಿಕೊಂಡು, "ವರ್ಷಕ್ಕೆ ನಾಲ್ಕೈದು ಸಲ ಬರುತ್ತೆ ಕಣೇ. ಆ ನಿನ್ನ ಡಾಕ್ಟರ ವಿಳಾಸ ಕೊಡು," ಎಂದಳು.

ಕೊಟ್ಟೆ. ರಕ್ತ ಪರೀಕ್ಷೆಯ ವಿಷಯವನ್ನೂ ಹೇಳಿದೆ. ಶನಿವಾರ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೇವೆ. ನಾನು ಹೊರಗೆ ಕೂತಿರುತ್ತೇನೆ. ಬೇಡ ಎಂದರೆ ಹೋಗುವುದಿಲ್ಲ ಎಂದೆ. ಬೇಡ ಅನ್ನಲಿಲ್ಲ.

ಮಾರ್ಚ್ ೩೦, ಭಾನುವಾರ, ಮಧ್ಯಾಹ್ನ

ಅಲ್ಪವಿರಾಮಳಿಗೆ ಸಕ್ಕರೆ ಇದೆ. ಈಗಷ್ಟೇ ಶುರುವಾದದ್ದು, ಹಿಡಿತಕ್ಕೆ ಬರುತ್ತದೆ ಎಂದರು ಡಾಕ್ಟರ್. ಅವಳು ಟೀ ಅಂಗಡಿಯಲ್ಲಿ ಸಕ್ಕರೆ ಬೇಡ ಎಂದು ಹೇಳಿದ ದನಿ ಕೇಳಬೇಕಿತ್ತು, ವಾಕ್ಯದಿಂದ ಪದ ಕಿತ್ತು ಎಸೆದ ಹಾಗೆ.

ಮನೆಯಲ್ಲಿ ಸದ್ದಿಲ್ಲ. ಊಟವಾಗಿದೆ. ಪಾತ್ರೆ ಹಾಗೇ ಇವೆ, ಇರಲಿ. ಆರಾಮ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಇವರಿಗೆ ನಿನ್ನೆ ಹೇಳಿಬಿಟ್ಟೆ, ಕುರ್ಚಿ ಚೆನ್ನಾಗಿದೆ ಎಂದು. "ಬರವಣಿಗೇಲಿ ಕೊಡು," ಎಂದರು.

ಮುಂದಿನ ಹಸ್ತಪ್ರತಿ ಹಿತ್ತಾಳೆ ಪಾತ್ರೆ ಬೆಳಗುವುದರ ಬಗ್ಗೆ. ಡಾಕ್ಟರ್ ಬೇಕಿಲ್ಲ. ಮನೆಯಲ್ಲಿರುವ ಹಿತ್ತಾಳೆ ಒಂದೇ ಒಂದು ಹೂಜಿ, ಅದನ್ನೇ ನಾಳೆ

ಒಳಗೆ ಕಿಟಕಿಯ ಪರದೆ ಎಳೆದ ಸದ್ದು. ಕರೆಯುತ್ತಿದ್ದಾರೆ. ಈ ಸಲ ತಂತಿಯ ಮೇಲೆ ಯಾವ ಬಟ್ಟೆಯೂ ಇಲ್ಲ.

ಉಳಿದದ್ದು ಆಮೇ